ಸಕ್ಕರೆ ಹಾಕದೆ ಮುರುಗಲು: ನಾನು ಮಾಡುವ ರೀತಿ

ನಮ್ಮ ಶಿರಸಿ ಕಡೆ ಮುರುಗಲು ಹಣ್ಣಿಗೆ ಮೇ ತಿಂಗಳೇ ಸುಗ್ಗಿ. ಮಳೆ ಹಿಡಿಯಿತೆಂದರೆ ಮುಗಿಯಿತು. ಹಣ್ಣೂ ಕೊಳೆಯುತ್ತದೆ, ಒಣಗಿಸಲು ಬಿಸಿಲೂ ಸಿಗುವುದಿಲ್ಲ. ದಕ್ಷಿಣ ಕನ್ನಡದವರ ಪುನರ್ಪುಳಿ ಇದೇ, ಪಶ್ಚಿಮ ಘಟ್ಟದ ಸ್ವಂತ ಹಣ್ಣು.

ಹೆಚ್ಚಿನ ಮನೆಗಳಲ್ಲಿ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ಸಿರಪ್ ಮಾಡುತ್ತಾರೆ. ರುಚಿಯೇನೋ ಸೊಗಸು. ಆದರೆ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ ಇರುವ ಬಾಟಲಿಗೆ 'ಆರೋಗ್ಯಕ್ಕೆ ಒಳ್ಳೆಯದು' ಅಂತ ಚೀಟಿ ಅಂಟಿಸಿದರೆ ಏನು ಬಂತು? ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ಹಾಗಾಗಿ ನಾನು ಸಿಪ್ಪೆಯನ್ನು ಸುಮ್ನೆ ಒಣಗಿಸಿ ಇಟ್ಟುಕೊಳ್ಳುತ್ತೇನೆ.

ಪೂರ್ತಿ ಕೆಂಪಾಗಿ ತಾನೇ ಉದುರಿದ ಹಣ್ಣನ್ನೇ ಆರಿಸುತ್ತೇನೆ. ತೊಳೆದು, ನೀರು ಆರಿದ ಮೇಲೆ ಎರಡು ಹೋಳು ಮಾಡಿ, ಬೀಜ ಮತ್ತು ಲೋಳೆಯನ್ನು ಬೇರೆ ಪಾತ್ರೆಗೆ ಹಾಕುತ್ತೇನೆ. ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಒಳಭಾಗ ಮೇಲೆ ಬರುವಂತೆ ಹರಡುತ್ತೇನೆ. ಪ್ಲಾಸ್ಟಿಕ್ ಹಾಳೆಯಾದರೆ ಅಡಿಯಲ್ಲಿ ಬೆವರು ನಿಂತು ಬೂಸ್ಟು ಬರುತ್ತದೆ. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ ಯಾವುದನ್ನೂ ಮುಟ್ಟಿಸಬಾರದು, ಈ ಹುಳಿ ಲೋಹವನ್ನೇ ತಿನ್ನುತ್ತದೆ. ಸಿಪ್ಪೆ ಕಪ್ಪಾಗಿ, ಬಗ್ಗಿಸಿದರೆ ಬಗ್ಗಿ, ಕೈಗೆ ಅಂಟದಿದ್ದರೆ ಒಣಗಿದೆ ಎಂದರ್ಥ. ಆಮೇಲೆ ಭರಣಿಗೆ. ಕೆಲವರು ಉಪ್ಪು ಸವರಿ ಒಣಗಿಸುತ್ತಾರೆ. ಬಿಪಿ ಇರುವವರು ಅಂಥದ್ದನ್ನು ಕೊಂಡರೆ ಸಾರಿಗೆ ಮತ್ತೆ ಉಪ್ಪು ಹಾಕುವ ಮುಂಚೆ ರುಚಿ ನೋಡಿಕೊಳ್ಳಬೇಕು.

ಕುಡಿಯಲು ನಾಲ್ಕೈದು ಸಿಪ್ಪೆಯನ್ನು ಒಂದು ಲೋಟ ತಣ್ಣೀರಿನಲ್ಲಿ ನೆನೆಸಿ ಕಿವುಚುತ್ತೇನೆ. ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ, ಅಷ್ಟೇ. ಕುದಿಸುವುದಿಲ್ಲ. ಆ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ಬಣ್ಣ. ನೇರಳೆ ಹಣ್ಣಿನಲ್ಲಿರುವುದೂ ಅದೇ ಜಾತಿಯದ್ದು, ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್). ಬಹಳ ಹೊತ್ತು ಕುದಿಸಿದರೆ ಅದು ಕೆಡುತ್ತದೆ. ಸಾರು ಮಾಡುವಾಗಲೂ ಈ ರಸವನ್ನು ಕೊನೆಗೆ ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸುತ್ತೇನೆ.

ಇದೇ ಬಣ್ಣದಿಂದ ಅಂಗಡಿಯ ಸಿರಪ್ಪನ್ನೂ ಪರೀಕ್ಷೆ ಮಾಡಬಹುದು. ಒಂದು ಚಮಚ ಸಿರಪ್ಪಿಗೆ ಅಡುಗೆ ಸೋಡಾದ ನೀರು ಬೆರೆಸಿ. ನಿಜವಾದ ಮುರುಗಲಾದರೆ ಕೆಂಪು ಹೋಗಿ ನೀಲಿಯೋ ಬೂದಿಯೋ ಆಗುತ್ತದೆ. ಕೃತಕ ಬಣ್ಣಗಳು ಸಾಮಾನ್ಯವಾಗಿ ಹಾಗೆ ಬದಲಾಗುವುದಿಲ್ಲ. ಬಿಳಿ ಮುರುಗಲಿಗೆ ಈ ಪರೀಕ್ಷೆ ನಡೆಯದು, ಅದರಲ್ಲಿ ಕೆಂಪೇ ಇಲ್ಲ ಅಲ್ವಾ.

ತೂಕ ಇಳಿಯುತ್ತದಾ ಅಂತ ಕೇಳುವವರೇ ಜಾಸ್ತಿ. ಇದರ ಹುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವುದು ನಿಜ. ಸಕ್ಕರೆ ಅಂಶ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆದರೆ ಪ್ರಯೋಗಶಾಲೆಯ ಮಾತೇ ಬೇರೆ, ಮನುಷ್ಯರ ಮೈಯೇ ಬೇರೆ. ಮುರುಗಲಿನ ದಾಯಾದಿಯಾದ ಉಪ್ಪಾಗೆಯ ಸಾರವನ್ನು ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದ್ದರು. 1998ರಲ್ಲಿ ಫಲಿತಾಂಶ ಬಂತು: ಸಾರವೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಿಗಿಂತ ತೂಕವೇನೂ ಹೆಚ್ಚು ಇಳಿದಿರಲಿಲ್ಲ. ಉಪ್ಪಾಗೆ ಸಾರದ ಮಾತ್ರೆ ನುಂಗಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಹಾಗಾಗಿ ತೂಕದ ಆಸೆಗೆ ಇದನ್ನು ಕುಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೇಸಿಗೆಯಲ್ಲಿ ತಂಪು ಪಾನೀಯದ ಬಾಟಲಿ ಮನೆಗೆ ಬರುವುದು ತಪ್ಪಿದರೆ ಅದೇ ದೊಡ್ಡ ಲಾಭ.

ಪಿತ್ತದ ಗಂದೆ ಎದ್ದಾಗ ಸಿಪ್ಪೆಯ ನೀರು ಕುಡಿಸುವುದು, ಮೈಗೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ನನಗೆ ತುರಿಕೆ ಇಳಿದಿದೆ. ಆದರೆ ತುಟಿ ಊದಿದರೆ, ಉಸಿರು ಕಟ್ಟಿದರೆ ಸಿಪ್ಪೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೆಲವರಿಗೆ ಎದೆ ಉರಿಯುತ್ತದೆ. ಹುಳಿ ಹಲ್ಲಿಗೂ ಒಳ್ಳೆಯದಲ್ಲ, ಕುಡಿದ ಮೇಲೆ ಬಾಯಿ ಮುಕ್ಕಳಿಸಿ.

ಬೀಜ ಎಸೆಯಬೇಡಿ. ಲೋಳೆ ತೊಳೆದು, ಒಣಗಿಸಿ, ಒಡೆದು, ತಿರುಳನ್ನು ಪುಡಿ ಮಾಡಿ ನೀರಿನಲ್ಲಿ ಕುದಿಸಿದರೆ ಮುರುಗಲ ತುಪ್ಪ ಮೇಲೆ ತೇಲುತ್ತದೆ. ತಣ್ಣಗಾದಾಗ ಬಿಳಿ ಗಟ್ಟಿಯಾಗಿ ಕೂರುತ್ತದೆ, ತೆಗೆದುಕೊಂಡರಾಯಿತು. ಸುಮಾರು 40 ಡಿಗ್ರಿವರೆಗೆ ಕರಗದಿರುವುದರಿಂದ ಬೇಸಿಗೆಯಲ್ಲೂ ಮೇಣದ ಹಾಗೆ ಗಟ್ಟಿ. ಹಿಮ್ಮಡಿ ಒಡಕಿಗೆ ಇದನ್ನು ಹಾಗೇ ಉಜ್ಜಿದರೆ ಹರಡುವುದಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಿ ಬಿಸಿ ಮಾಡಿ, ರಾತ್ರಿ ಕಾಲು ತೊಳೆದು ಒರೆಸಿದ ಮೇಲೆ ಹಚ್ಚಿ.