ಬಣ್ಣ ಬಿಟ್ಟ ಮೇಲೆ ಕಂಡ ಪೇಟೆ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗಳನ್ನು ನಾನು ಎರಡು ವರ್ಷ ಬಣ್ಣದಲ್ಲಿಯೇ ತೆಗೆಯುತ್ತಿದ್ದೆ. ಚೆಂಡುಹೂವಿನ ಹಳದಿ, ಕನಕಾಂಬರದ ಕೇಸರಿ ಎದುರಿಗಿದ್ದರೆ ಚಿತ್ರ ಹೇಗೆ ತೆಗೆದರೂ ಚೆನ್ನಾಗಿಯೇ ಬರುತ್ತಿತ್ತು. ಕ್ಯಾಮೆರಾ ಕೊಂಡವರೆಲ್ಲ ಮಹಡಿಯಿಂದ ಬಾಗಿ ತೆಗೆಯುವ ಆ ಒಂದೇ ಚಿತ್ರ ನನ್ನ ಬಳಿಯೂ ನೂರಾರು ಇದ್ದವು. ಒಂದು ರಾತ್ರಿ ಅವುಗಳನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದಾಗ ಕೆಂಪು ಗುಲಾಬಿಯೂ ಹಸಿರೆಲೆಯೂ ಒಂದೇ ಬೂದುಬಣ್ಣದಲ್ಲಿ ಕಲಸಿಹೋಗಿ, ರಾಶಿಯೆಲ್ಲ ಜಲ್ಲಿಯ ಗುಡ್ಡೆಯಂತೆ ಕಂಡಿತು. ಹೂವಿನ ಮೇಲೆ ಬಿದ್ದ ಬೆಳಕನ್ನು ಅಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

ಆಮೇಲೆ ಮಾರುಕಟ್ಟೆಯನ್ನು ಬಿಟ್ಟು, ಯಾರೂ ಚಿತ್ರ ತೆಗೆಯಲು ನಿಲ್ಲದ ಪೇಟೆಯ ಬೀದಿಗಳಲ್ಲಿ ತಿರುಗತೊಡಗಿದೆ. ಮೊದಲು ಕಲಿತದ್ದು ಬೀದಿಗಳ ದಿಕ್ಕನ್ನು. ಹಳೆಯ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಚಿಕ್ಕಪೇಟೆಯ ಬೀದಿ ಪೂರ್ವ-ಪಶ್ಚಿಮವಾಗಿ. ಹಾಗಾಗಿ ಬೆಳಿಗ್ಗೆ ಅವೆನ್ಯೂ ರಸ್ತೆಯ ನೆಲ ಇನ್ನೂ ನೆರಳಿನಲ್ಲಿರುವಾಗಲೇ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕೊನೆಯ ದಿನಗಳಲ್ಲಿ, ಚಿಕ್ಕಪೇಟೆಯ ಉದ್ದಕ್ಕೂ ಬಿಸಿಲು ಓರೆಯಾಗಿ ಹರಿದು, ಇಳಿಸಿದ ರೋಲಿಂಗ್ ಷಟರುಗಳ ಒಂದೊಂದು ಪಟ್ಟಿಗೂ ಬೇರೆ ಬೇರೆ ನೆರಳು ಹಚ್ಚುತ್ತದೆ. ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯ ನಮ್ಮೂರಿನ ನೆತ್ತಿಯ ಮೇಲೆಯೇ ಬರುವುದರಿಂದ ಬೇರೆ ದಿನಗಳಲ್ಲಿ ಬಿಸಿಲು ಮುಟ್ಟದ ಸಂದಿಗಳ ತಳಕ್ಕೂ ಬೆಳಕಿಳಿಯುತ್ತದೆ. ಆ ಬಿಸಿಲಿನಲ್ಲಿ ನಾನು ರಜೆ ಹಾಕಿ ಸಂದಿ ಸುತ್ತುವುದು ಏಕೆಂದು ಮನೆಯವರಿಗೆ ಇನ್ನೂ ಅರ್ಥವಾಗಿಲ್ಲ.

ಬಳಸುವುದು 35 ಮಿ.ಮೀ. ಲೆನ್ಸ್ ಒಂದನ್ನೇ. ಫುಲ್‌ಫ್ರೇಮ್, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 8ಕ್ಕೆ ಇಟ್ಟು, ಫೋಕಸನ್ನು ಕೈಯಾರೆ ಎರಡೂವರೆ ಮೀಟರಿಗೆ ನಿಲ್ಲಿಸಿದರೆ, ಸುಮಾರು 1.7 ಮೀಟರಿನಿಂದ 5 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಮೂಡುತ್ತದೆ. ಬೆಳಕನ್ನು ಬಿಸಿಲು ಬಿದ್ದ ಜಾಗಕ್ಕೆ ಅಳೆಯುತ್ತೇನೆ. ಮೊದಮೊದಲು ನೆರಳಿನಲ್ಲಿರುವುದೂ ಕಾಣಲೆಂದು ಅದನ್ನು ಕಂಪ್ಯೂಟರಿನಲ್ಲಿ ತಿಳಿಗೊಳಿಸುತ್ತಿದ್ದೆ. ಆಗ ತಂತಿಗಳು, ಜಾಹೀರಾತು ಫಲಕಗಳು, ನಿಲ್ಲಿಸಿದ ಸ್ಕೂಟರುಗಳು ಎಲ್ಲವೂ ಒಟ್ಟಿಗೆ ಎದ್ದು ಬಂದು ಕೂರುತ್ತಿದ್ದವು. ಈಗ ನೆರಳನ್ನು ಕಪ್ಪಾಗಿಯೇ ಬಿಡುತ್ತೇನೆ. ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ಬಣ್ಣದ ಮಾಹಿತಿ ಉಳಿದಿರುವುದರಿಂದ ಯಾವ ಬಣ್ಣ ಎಷ್ಟು ಬೂದಾಗಬೇಕೆಂದು ಆಮೇಲೆ ನಿರ್ಧರಿಸಬಹುದು, ಆದರೆ ಚೆಂಡುಹೂ ಹೊಳೆಯಲೆಂದು ಕಿತ್ತಳೆಯನ್ನು ಏರಿಸಿದರೆ ಹೂ ಮಾರುವವಳ ಕಪ್ಪು ಮುಖವೂ ಬೆಳ್ಳಗಾಗಿಬಿಡುತ್ತದೆ. ಒಮ್ಮೆ ಹಾಗೆ ಮಾಡಿ ಪ್ರಿಂಟ್ ಕೂಡ ಹಾಕಿಸಿದ್ದೆ. ಅದನ್ನು ಆಕೆಗೆ ಕೊಡಲು ನಾಚಿಕೆಯಾಯಿತು.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಸಾಮಾನ್ಯ ಜನ ಎಷ್ಟು ನಿರಾಳವಾಗಿದ್ದಾರೆಂದು ನೋಡಿದಾಗಲೆಲ್ಲ, ಕಂಬದ ಮರೆಯಿಂದ ಕದ್ದು ತೆಗೆಯುವ ನನ್ನ ಚಾಳಿ ನೆನಪಾಗಿ ಮುಜುಗರವಾಗುತ್ತಿತ್ತು. ಎರಡೂವರೆ ಮೀಟರ್ ಎಂದರೆ ಮಾತಿಗೆ ಸಿಗುವ ದೂರ, ಅಲ್ಲಿ ಅಡಗಲಾಗುವುದಿಲ್ಲ. ತರಗುಪೇಟೆಯ ಒಂದು ಮಂಡಿಯಲ್ಲಿ, ಹಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನ ಪಕ್ಕದಲ್ಲಿ ಹಮಾಲಿಯೊಬ್ಬರು ಖಾಲಿ ಗೋಣಿಚೀಲಗಳನ್ನು ಕೊಡವುತ್ತಿದ್ದರು. ಕೊಡವಿದಾಗಲೆಲ್ಲ ಧೂಳು ಆ ಕೋಲಿನೊಳಗೆ ಎದ್ದು, ಅರೆಗಳಿಗೆ ಹಾಲಿನಂತೆ ತುಂಬಿ, ಮತ್ತೆ ಇಳಿಯುತ್ತಿತ್ತು. ಕೇಳಿ, ಒಪ್ಪಿಗೆ ಪಡೆದು, ಮುಕ್ಕಾಲು ಗಂಟೆ ನಿಂತೆ. "ಇದರಲ್ಲೇನಿದೆ ಸಾರ್, ಬರೀ ಧೂಳು" ಎಂದರು.

ಎರಡು ತಿಂಗಳ ಬಳಿಕ ಪ್ರಿಂಟ್ ಕೊಟ್ಟಾಗ ಅವರು ತಮ್ಮ ಮುಖವನ್ನಾಗಲಿ ಬೆಳಕನ್ನಾಗಲಿ ನೋಡಲಿಲ್ಲ. ಮೂಲೆಯ ಕಪ್ಪಿನಲ್ಲಿ, ನಾನು ಗಮನಿಸದಿದ್ದ ಒಂದು ತಳ್ಳುಗಾಡಿಯ ಚಕ್ರದ ಮೇಲೆ ಬೆರಳಿಟ್ಟು, "ಈ ಗಾಡಿ ನಮ್ಮದೇ ಸಾರ್, ಹೋದ ವಾರ ಮಾರಿಬಿಟ್ಟೆ" ಎಂದರು.