ಕೊನೆಯ ದೋಣಿ ಎಷ್ಟೊತ್ತಿಗೆ?

ಗಂಡ ಹೆಂಡತಿ ಇಬ್ಬರೇ ಬೇಸಿಗೆ ರಜೆಗೆ ಕಡಲತೀರದ ಊರುಗಳನ್ನು ಸುತ್ತಲು ಹೊರಟರೆ ದಿನಕ್ಕೊಂದು ಊರು ಎಂಬ ಹುಚ್ಚು ಬೇಡ. ಒಂದೇ ಊರಲ್ಲಿ ಮೂರು ರಾತ್ರಿ ತಂಗಿ, ಅಲ್ಲಿಂದಲೇ ದ್ವೀಪಗಳಿಗೆ ಹೋಗಿ ಬನ್ನಿ.

ಮೊದಲು ಕೇಳಬೇಕಾದದ್ದು ಮರಳುವ ಕೊನೆಯ ದೋಣಿಯ ಹೊತ್ತು. ನಾವು ಒಮ್ಮೆ ಕೇಳದೆ ಹೋಗಿ, ಸಂಜೆ ಖಾಲಿ ಕಟ್ಟೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದೆವು.

ಹೋಗುವಾಗ ಬೆಳಗಿನ ದೋಣಿಯನ್ನೇ ಹಿಡಿಯಿರಿ. ನೆಲ ಕಾದಂತೆ ಕಡಲಗಾಳಿ ಬಲವಾಗುವುದರಿಂದ ಮಧ್ಯಾಹ್ನ ಸಾಮಾನ್ಯವಾಗಿ ಕುಲುಕಾಟ ಜಾಸ್ತಿ. ನಮ್ಮವರಿಗೋ ದೋಣಿ ಕಂಡರೇ ಹೊಟ್ಟೆ ತೊಳಸುತ್ತದೆ. ಏರಿಳಿತ ಕಡಿಮೆಯಿರುವ ನಡುಭಾಗದಲ್ಲಿ ಕೂರಿಸಿ, ಮೊಬೈಲ್ ಕಸಿದುಕೊಂಡು, ದೂರದ ದಿಗಂತ ನೋಡಿ ಅನ್ನುತ್ತೇನೆ. ವಾಂತಿ ಮಾತ್ರೆ ಹತ್ತುವ ಮೊದಲೇ ನುಂಗಬೇಕು, ಶುರುವಾದ ಮೇಲಲ್ಲ.

ನೀರಿಳಿದಾಗ ಮರಳ ಮೇಲೆ ನಡೆದೇ ಹೋಗುವ ದ್ವೀಪವಾದರೆ ಉಬ್ಬರವಿಳಿತದ ಪಟ್ಟಿ ಬೇಕೇ ಬೇಕು. ಹೆಚ್ಚಿನ ಕಡೆ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಿನ್ನೆ ದಾಟಿದ ಹೊತ್ತು ಇಂದಿಗೆ ಸುಮಾರು 50 ನಿಮಿಷ ಮುಂದೆ ಹೋಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ.

ಸಾಮಾನು ಒಬ್ಬರಿಗೊಂದೇ ಬೆನ್ನುಚೀಲ. ಸನ್‌ಸ್ಕ್ರೀನ್ 2 ಗಂಟೆಗೊಮ್ಮೆ ಹಚ್ಚಿ. ಕಿವಿ, ಪಾದದ ಮೇಲ್ಭಾಗಕ್ಕೂ.