ಶಾಲೆಗೆ ಅನುದಾನ ಬಂದಿದೆ ಎಂಬ ಸುದ್ದಿಯನ್ನು ಪರಿಶೀಲಿಸುವ ಬಗೆ

ತಾಲ್ಲೂಕಿನ ಸುದ್ದಿ ಪುಟದಲ್ಲಿ ‘ಸರ್ಕಾರಿ ಶಾಲೆಗೆ ಎರಡು ಕೊಠಡಿ, ಲಕ್ಷಾಂತರ ರೂಪಾಯಿ ಅನುದಾನ’ ಎಂಬ ಶೀರ್ಷಿಕೆ ಕಂಡಾಗ ಕಣ್ಣು ಮೊದಲು ಹೋಗುವುದು ಮೊತ್ತದ ಕಡೆಗೆ. ಅದನ್ನು ಅಲ್ಲಿಗೇ ಬಿಟ್ಟು, ವರದಿಯ ಮುಖ್ಯ ವಾಕ್ಯದ ಕ್ರಿಯಾಪದವನ್ನು ಹುಡುಕಿ ಅಡಿಗೆರೆ ಎಳೆಯಿರಿ. ‘ಭರವಸೆ ನೀಡಿದರು’, ‘ಪ್ರಸ್ತಾವನೆ ಸಲ್ಲಿಸಲಾಗಿದೆ’, ‘ಮಂಜೂರಾಗಿದೆ’, ‘ಬಿಡುಗಡೆಯಾಗಿದೆ’, ‘ವೆಚ್ಚವಾಗಿದೆ’ ಎಂಬ ಮಾತುಗಳು ಹಣ ಯಾವ ಹಂತದಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ಒಂದೊಂದರ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆಯುತ್ತವೆ. ಶೀರ್ಷಿಕೆಯಲ್ಲಿ ಜಾಗ ಸಾಲದೆ ಕ್ರಿಯಾಪದ ಬಿದ್ದುಹೋಗುತ್ತದೆ, ‘ಅನುದಾನ’ ಎಂಬ ಪದವಷ್ಟೇ ಉಳಿಯುತ್ತದೆ, ಹಣ ಆಗಲೇ ಊರಿಗೆ ಬಂತೆಂದು ಓದುಗರು ತಿಳಿಯುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲಾ ಕಟ್ಟಡಕ್ಕಾಗಿ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಸ್ಥಳೀಯ ಮತದಾರರ ಒಪ್ಪಿಗೆ ಪಡೆಯಬೇಕಾಗುತ್ತದೆ. ನಮ್ಮಲ್ಲಿ ಅಂಥ ಮತದಾನವಿಲ್ಲ; ಆದ್ದರಿಂದ ಪ್ರಶ್ನೆ ಕೇಳುವ ಹೊಣೆ ಪೂರ್ತಿಯಾಗಿ ಓದುವವರ ಮೇಲೆಯೇ ಬೀಳುತ್ತದೆ.

ಮಧುಗಿರಿ ತಾಲ್ಲೂಕಿನ ನಮ್ಮೂರಿನ ಶಾಲೆಯ ಬಗ್ಗೆ ಬಂದ ಸುದ್ದಿಗಳನ್ನು ಕತ್ತರಿಸಿ, ದಿನಾಂಕ ಬರೆದು, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಂಟಿಸುತ್ತಾ ಬಂದಿದ್ದೇನೆ. ಅದೇ ಎರಡು ಕೊಠಡಿಗಳು ಅದರಲ್ಲಿ ಮೂರು ಬಾರಿ ಕಾಣಿಸಿಕೊಂಡಿವೆ: ಮೊದಲು ಭರವಸೆಯಾಗಿ, ಮರುವರ್ಷ ಮಂಜೂರಾತಿಯಾಗಿ, ಅದರ ಮುಂದಿನ ವರ್ಷ ಗುದ್ದಲಿ ಪೂಜೆಯಾಗಿ. ಯಾವ ವರದಿಯೂ ಸುಳ್ಳಲ್ಲ, ಆದರೆ ಹಿಂದಿನದನ್ನು ಯಾವುದೂ ನೆನಪಿಸಲಿಲ್ಲ. ಮೂರನ್ನೂ ಬಿಡಿಬಿಡಿಯಾಗಿ ಓದಿದವರು ಶಾಲೆಗೆ ಆರು ಕೊಠಡಿ ಬಂದಿವೆ ಎಂದೇ ನಂಬಿದ್ದರು. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ಮಾತ್ರ ಆಗಲೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಹಲಗೆಗಳತ್ತ ಮುಖ ಮಾಡಿ ಕೂರುತ್ತಿದ್ದರು. ಇಂಥದೊಂದು ನೋಟ್‌ಬುಕ್ಕನ್ನು ಪ್ರತಿ ಊರಿನಲ್ಲೂ ಯಾರಾದರೂ ಇಡಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ.

ವರದಿಯ ಮೂಲವನ್ನೂ ಗಮನಿಸಿ. ಎರಡು ಪತ್ರಿಕೆಗಳಲ್ಲಿ ಒಂದೇ ವಾಕ್ಯಗಳಿದ್ದರೆ ಅದು ಯಾರೋ ಕಳಿಸಿದ ಪತ್ರಿಕಾ ಹೇಳಿಕೆ ಎಂದು ತಿಳಿಯಬಹುದು. ಮುಖ್ಯ ಶಿಕ್ಷಕರಾಗಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಲಿ ಮಾತನಾಡಿದ್ದಾರೆಯೇ, ಯೋಜನೆಯ ಹೆಸರಿದೆಯೇ, ಕೆಲಸ ಮಾಡುವ ಸಂಸ್ಥೆ ಯಾವುದೆಂದು ಹೇಳಿದೆಯೇ ಎಂದು ನೋಡಿ. ಹಲವು ಹೋಬಳಿಗಳ ಸುದ್ದಿಯನ್ನು ಒಬ್ಬರೇ ಹೊತ್ತಿರುವ ತಾಲ್ಲೂಕು ವರದಿಗಾರರಿಗೆ ಕಡತ ನೋಡುವಷ್ಟು ಸಮಯ ಸಿಗುವುದಿಲ್ಲ; ಆ ಕಷ್ಟವನ್ನು ಅರಿತೇ ಪ್ರಶ್ನೆ ಕೇಳಬೇಕು.

ಯೋಜನೆಯ ಹೆಸರು ಸಿಕ್ಕರೆ ಲೆಕ್ಕ ಹಾಕುವುದು ಸುಲಭ. ರಾಜ್ಯದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಈ ಮೊತ್ತ ಇಡೀ ಕ್ಷೇತ್ರದ ರಸ್ತೆ, ಸಮುದಾಯ ಭವನ, ಶಾಲೆ ಎಲ್ಲಕ್ಕೂ ಸೇರಿದ್ದು. ಶಾಲೆಗಳಿಗೇ ಇದಕ್ಕಿಂತ ಹೆಚ್ಚು ಕೊಟ್ಟಿದ್ದಾರೆಂದು ವರದಿ ಹೇಳಿದರೆ ಹಣದಲ್ಲಿ ಬೇರೆ ಮೂಲದ್ದೂ ಸೇರಿದೆ ಎಂದರ್ಥ. ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೆ ಮುಖ್ಯ: ಆಡಳಿತಕ್ಕೆ ತುಮಕೂರು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಶಿರಾ, ಪಾವಗಡ, ಕೊರಟಗೆರೆಯ ಶಾಲೆಗಳ ವಿವರವನ್ನು ಕೇಳಬೇಕಾದದ್ದು ಮಧುಗಿರಿಯ ಉಪನಿರ್ದೇಶಕರ ಕಚೇರಿಯಲ್ಲಿ.

ಈಗ ಕಡತದ ಕೆಲಸ. ಪ್ರತಿ ಶಾಲೆಗೂ ಅದನ್ನು ಗುರುತಿಸುವ 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುತ್ತದೆ. ಒಂದೇ ಹೆಸರಿನ ಊರುಗಳು ಎಷ್ಟೋ ಇರುವುದರಿಂದ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ‘ಹಣ ಏನಾಯಿತು’ ಎಂದು ಕೇಳದೆ ದಾಖಲೆಗಳ ಹೆಸರು ಹಿಡಿದು ಕೇಳಿ: ಆಡಳಿತಾತ್ಮಕ ಅನುಮೋದನೆಯ ಆದೇಶ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ (ಕೆಲಸ ಶುರುಮಾಡಲು ಕೊಡುವ ಆದೇಶ), ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿ, ಹಣ ಬಳಕೆ ಪ್ರಮಾಣಪತ್ರ. ಕೆಲಸ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ್ದೋ ಸರ್ಕಾರಿ ಕಟ್ಟಡ ಕಟ್ಟುವ ಸಂಸ್ಥೆಯಾದ ನಿರ್ಮಿತಿ ಕೇಂದ್ರದ್ದೋ ಆಗಿದ್ದರೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಸ್ವೀಕರಿಸಿದ ಕಚೇರಿಯದೇ ಕರ್ತವ್ಯ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ನಡೆಯುತ್ತಿರುವ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಅಂದಾಜು ಪಟ್ಟಿಯ ಪ್ರತಿ ಕೈಯಲ್ಲಿದ್ದರೆ ಟೇಪು ಹಿಡಿದು ಕೊಠಡಿಯ ಉದ್ದಗಲ ಅಳೆಯಲು ಎಂಜಿನಿಯರ್ ಆಗಿರಬೇಕಾಗಿಲ್ಲ.

ನಮಗೆ ಬಂದ ಉತ್ತರ ನಾವು ಊಹಿಸಿದಂತಿರಲಿಲ್ಲ. ಹಣವನ್ನು ಯಾರೂ ತಿಂದಿರಲಿಲ್ಲ. ಶಾಲೆ ನಿಂತಿರುವ ಜಾಗ ಎಷ್ಟೋ ದಶಕಗಳ ಹಿಂದೆ ಬಾಯಿಮಾತಿನಲ್ಲಿ ದಾನವಾಗಿ ಬಂದದ್ದು. ಪಹಣಿ ಇನ್ನೂ ದಾನಿಗಳ ಕುಟುಂಬದ ಹೆಸರಿನಲ್ಲಿತ್ತು, ಶಾಲೆಯ ಹೆಸರಿಗೆ ಖಾತೆ ಆಗಿರಲಿಲ್ಲ, ಅದಕ್ಕಾಗಿ ಕಾರ್ಯಾದೇಶವೇ ಹೊರಟಿರಲಿಲ್ಲ. ಗುದ್ದಲಿ ಪೂಜೆಯ ದಿನ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಮೊದಲ ಮಳೆಗೇ ತೊಳೆದುಹೋಗಿ, ಅರಿಸಿನ ಮೆತ್ತಿದ ಕಲ್ಲೊಂದು ಮಾತ್ರ ಮೈದಾನದಲ್ಲಿ ಉಳಿದಿತ್ತು. ಸಂಶಯಪಟ್ಟವರು ಉತ್ತರವನ್ನು ಒಪ್ಪಿಕೊಳ್ಳಲೂ ಸಿದ್ಧರಿರಬೇಕು ಎಂಬುದನ್ನು ನಾನು ಆಗ ಕಲಿತೆ.

ಕೊನೆಯ ಹೆಜ್ಜೆ ಪತ್ರಿಕೆಗೆ ಬರೆಯುವುದು. ಆಕ್ಷೇಪಣೆಯ ಪತ್ರ ಅರ್ಧ ಪುಟ ಮೀರದಿರಲಿ. ಯಾವ ದಿನಾಂಕದ ಯಾವ ವರದಿ, ಅದರಲ್ಲಿ ಯಾವ ಮಾತು, ದಾಖಲೆಯಲ್ಲಿ ಏನಿದೆ ಎಂಬಷ್ಟನ್ನೇ ಬರೆದು ಪ್ರತಿಗಳನ್ನು ಲಗತ್ತಿಸಿ. ವರದಿಗಾರರಿಗೆ ಮೊದಲೇ ಫೋನ್ ಮಾಡಿ ತಿಳಿಸುವುದು ಸೌಜನ್ಯ. ಗಂಭೀರ ತಪ್ಪನ್ನು ಸಂಪಾದಕರು ತಿದ್ದದೆ ಹೋದರೆ ದಿನಪತ್ರಿಕೆಯ ವಿಷಯದಲ್ಲಿ ಪ್ರಕಟಣೆಯಿಂದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು, ಆದರೆ ನಮಗೆ ಆ ಅಗತ್ಯ ಬೀಳಲಿಲ್ಲ. ನಮ್ಮ ಪತ್ರ ತಲುಪಿದ ಮರುವಾರ ವರದಿಗಾರರು ಬಂದು, ಆ ಕಲ್ಲಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆದು, ಖಾತೆಯ ತೊಡಕನ್ನು ಮಂಜೂರಾತಿಯ ದಿನಾಂಕದ ಸಮೇತ ಬರೆದರು. ದಾನಿಗಳ ಮೊಮ್ಮಗ ಬೆಂಗಳೂರಿನಲ್ಲಿ ಅದನ್ನು ಓದಿ, ದಾನಪತ್ರಕ್ಕೆ ಸಹಿ ಹಾಕಲು ತಾವಾಗಿಯೇ ಊರಿಗೆ ಬಂದರು.